ಕಡ ತಂದ ಕುರ್ಚಿ

ನನ್ನ ಅಕ್ಷರ ದುಂಡಗಿದೆ. ಇಡೀ ಸರ್ವೀಸನ್ನು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿಯೇ ಮುಗಿಸಿದ ನನಗೆ ಹೇಳಿಕೊಳ್ಳುವಂಥ ಸ್ಥಿರಾಸ್ತಿ ಇದೊಂದೇ. ಸರ್ಕಾರಕ್ಕೆ ಆಗಾಗ ಏನನ್ನಾದರೂ ಎಣಿಸಬೇಕು ಅನ್ನಿಸುತ್ತದೆ: ಮನುಷ್ಯರನ್ನು, ಮತದಾರರನ್ನು, ಕಕ್ಕಸುಗಳನ್ನು. ಹಾಗೆ ಅನ್ನಿಸಿದಾಗಲೆಲ್ಲ ಅದಕ್ಕೆ ಮೊದಲು ನೆನಪಾಗುವವನು ಮೇಷ್ಟ್ರು. ಮೇಷ್ಟ್ರುಗಳ ಪೈಕಿ ಮೊದಲು ನೆನಪಾಗುತ್ತಿದ್ದವನು ದುಂಡಕ್ಷರದ ನಾನು. ಈ ಮರ್ಯಾದೆಯಿಂದ ಬಹಳ ಕಾಲ ಉಬ್ಬಿಕೊಂಡಿದ್ದೆ. ಅದೇ ದುಂಡಕ್ಷರದಲ್ಲಿ, ಒಂದೂ ಕಾಗುಣಿತದ ತಪ್ಪಿಲ್ಲದೆ, ಒಂದು ಮನೆಯ ಅನ್ನ ಕಿತ್ತುಕೊಂಡೆ. ಪಶ್ಚಾತ್ತಾಪದಿಂದ ಬರೆಯುತ್ತಿದ್ದೇನೆ ಅಂತ ಯಾರೂ ಕರಗಬೇಕಾಗಿಲ್ಲ. ಪಶ್ಚಾತ್ತಾಪ ತಣ್ಣಗಿನ ಪದಾರ್ಥ. ನನಗೆ ಇವತ್ತಿಗೂ ಬರುವುದು ಸಿಟ್ಟು. ಅದರಲ್ಲಿ ಮುಕ್ಕಾಲು ಪಾಲು ಸರ್ಕಾರದ ಮೇಲೆ. ಉಳಿದದ್ದು ಒಂದು ತಟ್ಟೆ ಉಪ್ಪಿಟ್ಟಿನ ಮೇಲೆ, ಮತ್ತು ಅದನ್ನು ತಿಂದವನ ಮೇಲೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶಿವಮೊಗ್ಗದಲ್ಲಿ ರಾಗಿಗುಡ್ಡದ ಹತ್ತಿರ ಬಾಡಿಗೆಗಿದ್ದೆ. ಶಾಲೆ ಇದ್ದದ್ದು ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಭದ್ರಾ ನಾಲೆಯ ಬದಿಗೆ. ಬೆಳಿಗ್ಗೆ ಭದ್ರಾವತಿವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಆ ಊರಿನ ಸುತ್ತ ಎತ್ತ ತಿರುಗಿದರೂ ಭತ್ತದ ಗದ್ದೆ, ನಾಲೆಯ ದಯದಿಂದ ವರ್ಷಕ್ಕೆ ಎರಡು ಬೆಳೆ. ಭತ್ತ ಲಾರಿ ಹತ್ತಿ ಮಿಲ್ಲಿಗೆ ಹೋಗುತ್ತಿತ್ತು. ನುಚ್ಚು ಚೀಲದಲ್ಲಿ ಕೂತು ಊರಿಗೆ ವಾಪಸು ಬರುತ್ತಿತ್ತು. ಕೆಸರಲ್ಲಿ ಬಗ್ಗಿ ನಾಟಿ ಹಾಕಿದವರೇ ಅಂಗಡಿ ಮುಂದೆ ನಿಂತು ಆ ನುಚ್ಚನ್ನು ಕೊಳ್ಳುತ್ತಿದ್ದರು. ನಾಟಿ ಮುಗಿದರೆ ಕಳೆ ಕೀಳುವವರೆಗೆ ಕೂಲಿಯಿಲ್ಲ, ಕಳೆ ಮುಗಿದರೆ ಕೊಯ್ಲಿನವರೆಗೆ ಕೂಲಿಯಿಲ್ಲ. ಪೈರು ಹಸಿರಾಗಿ ತೂಗುವ, ಬಸ್ಸಿನ ಕಿಟಕಿಯಿಂದ ನೋಡಿದವರು 'ಆಹಾ' ಅನ್ನುವ ಆ ದಿನಗಳಲ್ಲೇ ಕೂಲಿಯವರ ಕೇರಿಯಲ್ಲಿ ಒಲೆ ದಿನಕ್ಕೆ ಒಂದು ಸಲ ಉರಿಯುತ್ತಿತ್ತು. ಆ ತಿಂಗಳುಗಳನ್ನು ದಾಟಿಸುತ್ತಿದ್ದದ್ದು ಸೊಸೈಟಿ ಅಕ್ಕಿ. ಅದಕ್ಕೆ ಕಾರ್ಡು ಬೇಕು. ಕಾರ್ಡಿನ ಬಣ್ಣವನ್ನು ಸರ್ಕಾರ ಆಗಾಗ ಬದಲಿಸುತ್ತಿತ್ತು. ಊರಿನವರು ಬಣ್ಣದ ಗೋಜಿಗೆ ಹೋಗದೆ 'ಬಡವರ ಕಾರ್ಡು' ಅಂತಲೇ ಅನ್ನುತ್ತಿದ್ದರು.

ಒಂದು ವರ್ಷ ಬೇಸಿಗೆ ಬೆಳೆಯ ನಾಟಿ ಮುಗಿದ ಮೇಲೆ, ಬಡವರ ಪಟ್ಟಿಯನ್ನು ಹೊಸದಾಗಿ ಮಾಡತಕ್ಕದ್ದು ಎಂಬ ಆಜ್ಞೆ ಬಂತು. ಬಡವರನ್ನು ಗುರುತಿಸುವುದು ಹೇಗೆ ಅಂತ ನಮಗೆ ಭದ್ರಾವತಿಯಲ್ಲಿ ಅರ್ಧ ದಿನದ ತರಬೇತಿ. ಊಟ ಚೆನ್ನಾಗಿತ್ತು. ಎರಡು ಪಲ್ಯ, ಹೋಳಿಗೆ. ತರಬೇತಿ ಕೊಟ್ಟ ಅಧಿಕಾರಿಗಳು ಎಲೆ ಅಡಿಕೆ ಹಾಕಿಕೊಳ್ಳುತ್ತ ಸಾರಾಂಶ ಹೇಳಿದರು: "ಕಣ್ಣಿಗೆ ಕಂಡದ್ದು ಬರೀರಿ, ಕಿವಿಗೆ ಕೇಳಿದ್ದಲ್ಲ. ಈ ಜನ ಸುಳ್ಳು ಹೇಳ್ತಾರೆ." ನಾನು ಅದನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡು ಕೆಳಗೊಂದು ಗೆರೆ ಎಳೆದೆ.

ಮೊದಲು ಹೋದದ್ದು ಊರಿನ ದೊಡ್ಡ ಜಮೀನ್ದಾರರ ಮನೆಗೆ. ಯಜಮಾನರು ಹರಿದ ಬನಿಯನ್ನಿನಲ್ಲಿ ಬಾಗಿಲಿಗೇ ಬಂದು ನಿಂತರು. ಆ ಬನಿಯನ್ನನ್ನು ಅವರು ಅದೇ ದಿನಕ್ಕೆಂದು ಹುಡುಕಿ ತೆಗೆದಿರಬೇಕು. ಒಳಗೆ ಕರೆಯಲಿಲ್ಲ. ಕಿಟಕಿಯಿಂದ ಇಣುಕಿದರೆ ಮೂಲೆಯಲ್ಲಿ ಚೌಕಾಕಾರದ ಏನೋ ಒಂದು, ಮೇಲೆ ಜಮಖಾನ.

"ಅದೇನು ಯಜಮಾನ್ರೇ?"

"ದೇವರ ಪೆಟ್ಟಿಗೆ ಮೇಷ್ಟ್ರೇ. ಮಡಿ. ಮುಟ್ಟೋ ಹಾಗಿಲ್ಲ."

ಹಿತ್ತಲಿನ ಹುಲ್ಲಿನ ಬಣವೆಯಿಂದ ದುಂಡನೆಯ ಕನ್ನಡಿಯೊಂದು ಹೊರಗೆ ಚಾಚಿಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು. ಅದು ಬೈಕಿನ ಕನ್ನಡಿ ಎಂದು ನನ್ನ ಒಂದನೇ ಕ್ಲಾಸಿನ ಮಕ್ಕಳೂ ಹೇಳುತ್ತಿದ್ದರು.

"ಅದು?"

"ದೃಷ್ಟಿಗೆ ಇಟ್ಟಿದ್ದು. ಜನದ ಕಣ್ಣು ಒಳ್ಳೇದಲ್ಲ ನೋಡಿ."

ಕಣ್ಣಿಗೆ ಕಂಡದ್ದನ್ನು ಬರೆಯತಕ್ಕದ್ದು. ಕಂಡದ್ದು ಒಂದು ಕನ್ನಡಿ. ಫಾರಂನಲ್ಲಿ ಕನ್ನಡಿಗೆ ಕಾಲಂ ಇರಲಿಲ್ಲ. ಬಾಯಾರಿಕೆಯಾಗಿ ಮಜ್ಜಿಗೆ ಕೇಳಿದೆ. "ಮನೇಲಿ ಹನಿ ಹಾಲಿಲ್ಲ ಮೇಷ್ಟ್ರೇ, ನಮ್ಮ ಪಾಡು ಏನ್ ಕೇಳ್ತೀರಿ" ಅಂದರು. ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ ಒಟ್ಟಿಗೇ ಕೂಗಿದವು. ಎಮ್ಮೆಗಳಿಗೆ ತರಬೇತಿ ಆಗಿರಲಿಲ್ಲ. ನಾನು ಯಜಮಾನರ ಮುಖ ನೋಡಿಕೊಂಡು, ಊರಲ್ಲಿ ಕೆಲಸ ಮಾಡಬೇಕಲ್ಲ ಅಂದುಕೊಂಡು, ಮುಂದಿನ ಮನೆಗೆ ಹೋದೆ.

ಕೂಲಿಯವರ ಕೇರಿಯ ಕೊನೆಯ ಮನೆ ಆಕೆಯದು. ವಯಸ್ಸು ಐವತ್ತರ ಮೇಲೆ. ಗಂಡ ಇಲ್ಲ. ಗಂಡನಿಲ್ಲದ ಮಗಳು, ಇಬ್ಬರು ಮೊಮ್ಮಕ್ಕಳು. ಮೊಮ್ಮಕ್ಕಳಿಬ್ಬರೂ ನನ್ನ ಶಾಲೆಯವರೇ. ನಾಟಿಯಲ್ಲಿ ಆಕೆಯ ಸಾಲು ದಾರ ಹಿಡಿದಂತೆ ಬರುತ್ತದೆ ಅಂತ ಊರೆಲ್ಲ ಹೇಳುತ್ತಿತ್ತು. ನಾನು ಬರುವುದು ಮೊಮ್ಮಕ್ಕಳಿಂದ ಹಿಂದಿನ ದಿನವೇ ಗೊತ್ತಾಗಿತ್ತು. ಅಂಗಳ ಸಾರಿಸಿತ್ತು, ರಂಗೋಲಿ ಬಿದ್ದಿತ್ತು. ಜಗಲಿಯ ಮೇಲೆ ಮಡಚುವ ಕಬ್ಬಿಣದ ಕುರ್ಚಿ, ಅದರ ಮೇಲೆ ಒಗೆದ ಟವಲ್ಲು.

"ಬನ್ನಿ ಸಾ, ಬನ್ನಿ. ಕೂತ್ಕಳಿ. ಊಟ ಆಯ್ತಾ ಸಾ?"

"ಆಯ್ತಮ್ಮ. ನಿಂದು?"

"ಆಯ್ತು ಸಾ."

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಊಟ ಆಯ್ತಾ ಅಂದರೆ ಆಯ್ತು ಅನ್ನಬೇಕು. ಇಲ್ಲ, ಹಸಿದಿದ್ದೇನೆ ಅಂತ ಬಾಗಿಲಲ್ಲಿ ನಿಂತವರಿಗೆ ಹೇಳಿದವರನ್ನು ನಾನು ನೋಡಿಲ್ಲ. ಹಾಗಂದರೆ ಕೇಳಿದವರಿಗೇ ಅವಮಾನ ಮಾಡಿದಂತೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಫಾರಂ ತೆಗೆದು, ಕನ್ನಡಕ ಏರಿಸಿ, ಅದೇ ಪ್ರಶ್ನೆಯನ್ನು ಸರ್ಕಾರದ ಪರವಾಗಿ ಕೇಳಿದೆ.

"ದಿನಕ್ಕೆ ಎಷ್ಟು ಹೊತ್ತು ಊಟ ಆಗತ್ತಮ್ಮ?"

"ಅದಕ್ಕೇನ್ ಕಮ್ಮಿ ಸಾ. ದೇವ್ರು ನಡ್ಸ್ತಾನೆ."

ಅಷ್ಟರಲ್ಲಿ ಉಪ್ಪಿಟ್ಟು ಬಂತು. ಹೊಳೆಯುವ ಸ್ಟೀಲ್ ತಟ್ಟೆ, ಮೇಲೆ ನಾಲ್ಕು ಕಡಲೆಬೀಜ, ಪಕ್ಕದಲ್ಲಿ ಸಕ್ಕರೆ. ಬೇಡ ಅಂದೆ, ನಿಯಮದ ಪ್ರಕಾರ. ತಿಂದೆ, ಸಂಪ್ರದಾಯದ ಪ್ರಕಾರ. "ಇನ್ನೊಂದ್ ಸೌಟು ಹಾಕ್ಕಳಿ ಸಾ, ಮಕ್ಕಳಿಗೆ ಪಾಠ ಹೇಳೋ ಬಾಯಿ" ಅಂತ ಆಕೆ ಬಡಿಸಿಯೇಬಿಟ್ಟಳು. ಹುಡುಗಿಯರಿಬ್ಬರು ಬಾಗಿಲ ಹಿಂದೆ ನಿಂತು ತಟ್ಟೆಯನ್ನೇ ನೋಡುತ್ತಿದ್ದರು. "ನೀವೂ ತಿನ್ರೇ" ಅಂದೆ. ಇಬ್ಬರೂ ಹಾಜರಿ ಕೂಗಿದಾಗ ಹೇಳುವ ಹಾಗೆ ಒಟ್ಟಿಗೇ, "ಆಯ್ತು ಸಾ" ಅಂದರು.

ಕೈ ತೊಳೆದು ಬರೆದೆ. ಪೀಠೋಪಕರಣ: ಇದೆ. ಸ್ಟೀಲ್ ಪಾತ್ರೆ: ಇದೆ. ಆಹಾರ: ದಿನಕ್ಕೆ ಎರಡು ಹೊತ್ತು, ಉಪಾಹಾರ ಸಹಿತ. ಆ 'ಸಹಿತ' ಫಾರಂ ಕೇಳಿರಲಿಲ್ಲ. ಭಾಷೆಯ ಅಂದಕ್ಕೆ ನಾನೇ ಸೇರಿಸಿದ್ದು.

ಮಳೆಗಾಲದ ಹೊತ್ತಿಗೆ ಪಟ್ಟಿ ಪಂಚಾಯ್ತಿ ಗೋಡೆಗೆ ಬಿತ್ತು. ಕನ್ನಡಿಯ ಯಜಮಾನರು ಮೂರನೆಯವರಾಗಿ ಬಡವರಾಗಿದ್ದರು. ಆಕೆಯ ಹೆಸರು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹುಡುಕಿದರೂ ಇಲ್ಲ. ಸೊಸೈಟಿಯವನು ಆಕೆಯ ಹಳೇ ಕಾರ್ಡನ್ನು ಇಟ್ಟುಕೊಂಡು ಬರೀ ಚೀಲ ವಾಪಸು ಕೊಟ್ಟಿದ್ದ. ಕೇಳಲು ಹೋದ ನನಗೆ ನಗುತ್ತ ಹೇಳಿದ: "ಆಯಮ್ಮ ಬಡತನದಲ್ಲಿ ಪಾಸಾಗಿ ಮುಂದಿನ ಕ್ಲಾಸಿಗೆ ಹೋಗಿದಾಳೆ ಮೇಷ್ಟ್ರೇ. ನೀವೇ ಪಾಸ್ ಮಾಡಿದ್ದಲ್ವಾ?"

ಅವತ್ತು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಪಕ್ಕದ ಮನೆಯ ಸಾಬರು ಸಿಕ್ಕರು. ಪಂಪ್‌ಸೆಟ್ಟು, ಮೊಪೆಡ್ಡು ಏನೇ ಕೆಟ್ಟರೂ ಸುತ್ತಲ ಹತ್ತು ಹಳ್ಳಿಗೆ ಅವರೇ ಮೆಕ್ಯಾನಿಕ್ಕು.

"ಸಲಾಮ್ ಮೇಷ್ಟ್ರೇ. ಕುರ್ಚಿ ಹೆಂಗಿತ್ತು?"

"ಯಾವ ಕುರ್ಚಿ?"

"ಆಯಮ್ಮನ ಮನೇಲಿ ಕೂತಿದ್ರಲ್ಲ. ಹಿಂದಿನ ಬಲಗಾಲಲ್ಲಿ ವೆಲ್ಡಿಂಗ್ ಗಂಟು ಇರ್ಬೇಕು ನೋಡಿ. ಅದು ನಾನ್ ಹಾಕಿದ್ದು. ಕುರ್ಚಿ ನಂದು."

ನಾನು ಬಸ್ಸು ಬರುವ ದಾರಿ ನೋಡಿದೆ.

"ಟವಲ್ಲೂ ನಂದೇ. ತಟ್ಟೆ ಲೋಟ ಡೈರಿಯವರ ಮನೇದು. ರವೆ ಅಂಗಡೀದು, ಸಕ್ಕರೆ ನಮ್ಮನೆಯವಳು ಕೊಟ್ಟಿದ್ದು. ಎಲ್ಲಾ ಕಡ. ನೀರೊಂದು ಆಯಮ್ಮಂದು ಮಾರಾಯ್ರೇ. ಅದಕ್ಕೇನ್ ಬರದ್ರಿ ನಿಮ್ ಫಾರಂನಾಗೆ?"

ಬಸ್ಸು ಬಂತು. ಹತ್ತಿದೆ. ಭದ್ರಾವತಿ ಬರುವವರೆಗೂ ಸೀಟಿದ್ದರೂ ಕೂರಲಿಲ್ಲ.

ಮರುವಾರ ರಜೆ ಹಾಕಿ ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತರು ಫೈಲು ತೆಗೆದು ನನ್ನ ಸಹಿಯ ಮೇಲೆ ಬೆರಳಿಟ್ಟರು.

"ಇದು ನಿಮ್ಮದು ತಾನೆ? ಹಾಗಾದ್ರೆ ಆಯಮ್ಮ ಬಡವಳಲ್ಲ. ಇಲ್ಲ, ಬಡವಳೇ ಅಂತೀರಾ, ನೀವು ಸುಳ್ಳು ದೃಢೀಕರಣ ಮಾಡಿದೀರಿ. ಯಾವ್ದು ಬೇಕು ಹೇಳಿ, ಹಾಗೇ ಬರ್ಕಳ್ತೀನಿ."

ಸಿಟ್ಟಿನಲ್ಲಿ ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ. ಸದರಿ ದಿನದಂದು ಸದರಿ ಮನೆಯಲ್ಲಿ ನಾನು ಆಸೀನನಾಗಿದ್ದ ಕುರ್ಚಿಯು ಸದರಿಯವರದ್ದಲ್ಲವೆಂದೂ, ನಾನು ಸೇವಿಸಿದ ಉಪ್ಪಿಟ್ಟು ಕಡ ತಂದ ರವೆಯದ್ದೆಂದೂ, ಎರಡನೆಯ ಸೌಟನ್ನು ಒತ್ತಾಯಕ್ಕೆ ಮಣಿದು ಹಾಕಿಸಿಕೊಂಡೆನೆಂದೂ ಈ ಮೂಲಕ ದೃಢೀಕರಿಸುತ್ತೇನೆ. ಗುಮಾಸ್ತರು ಓದಿ, ಪಕ್ಕದ ಟೇಬಲ್ಲಿನವರನ್ನು ಕರೆದು ಓದಿಸಿ, ಎಲ್ಲರೂ ಸೇರಿ ನಕ್ಕು, ಠಸ್ಸೆ ಹೊಡೆದರು. ಅರ್ಜಿ ಶಿವಮೊಗ್ಗಕ್ಕೆ ಹೋಯಿತು. ಕುರ್ಚಿಯ ಮಾಲೀಕರ ಹೇಳಿಕೆ ಲಗತ್ತಿಸಿಲ್ಲ ಅಂತ ವಾಪಸು ಬಂತು. ಸಾಬರು ಹೇಳಿಕೆ ಬರೆದುಕೊಟ್ಟರು. ಮತ್ತೆ ಹೋಯಿತು. ನಗುವ ವಿಷಯವೇ, ಒಪ್ಪುತ್ತೇನೆ. ಆದರೆ ಆ ಕಾಗದ ಭದ್ರಾವತಿ ಶಿವಮೊಗ್ಗ ಅಂತ ಓಡಾಡುತ್ತಿದ್ದಾಗ ಮಳೆಗಾಲ ಪೂರ್ತಿ ಆ ಮನೆಗೆ ಒಂದು ಹಿಡಿ ಸೊಸೈಟಿ ಅಕ್ಕಿ ಇಲ್ಲ. ಕನ್ನಡಿಯವರ ಮನೆಗೆ ಬರುತ್ತಿದ್ದ ಬಡವರ ಅಕ್ಕಿಯನ್ನು ಅವರ ಕೋಳಿಗಳು ತಿನ್ನುತ್ತಿದ್ದವು. ನಾನೇ ನೋಡಿದ್ದೇನೆ. ಬೆಳಿಗ್ಗೆ ಬಸ್ಸಿಳಿದು ಶಾಲೆಗೆ ನಡೆಯುವ ದಾರಿಯಲ್ಲೇ ಅವರ ಅಂಗಳ. ಕೊಯ್ಲಾದ ಮೇಲೆ ನನ್ನ ಶಾಲೆಯ ಆ ಇಬ್ಬರು ಹುಡುಗಿಯರು ಮಧ್ಯಾಹ್ನ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದರು. ಗದ್ದೆಯಲ್ಲಿ ಉದುರಿದ ತೆನೆ ಆಯಲು, ಹಕ್ಕಲಿಗೆ ಹೋಗುತ್ತಿದ್ದರು. ನಾನು ಹಾಜರಿ ಪುಸ್ತಕದಲ್ಲಿ ಇಬ್ಬರಿಗೂ 'ಹಾಜರು' ಅಂತ ಹಾಕಿದೆ. ಸುಳ್ಳು ದೃಢೀಕರಣ ಅಂದರೆ ಏನು ಅಂತ ಆಗ ಕಲಿತೆ.

ಆಕೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ದಾರಿಯಲ್ಲಿ ಸಿಕ್ಕರೆ ಅದೇ ನಗು, "ಊಟ ಆಯ್ತಾ ಸಾ?" ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದು ಸಲ ತಡೆಯಲಾರದೆ ಶಿವಮೊಗ್ಗದಿಂದ ಒಂದು ಚೀಲ ಅಕ್ಕಿ ತಂದು ಆಕೆಯ ಜಗಲಿ ಮೇಲಿಟ್ಟು ಓಡಿಬಂದೆ. ಮರುದಿನ ನನ್ನ ಟೇಬಲ್ಲಿನ ಮೇಲೆ ಆ ಚೀಲದಷ್ಟೇ ದಪ್ಪದ ಕುಂಬಳಕಾಯಿ ಕೂತಿತ್ತು. ಅದನ್ನು ಹೊತ್ತು ಎರಡು ಬಸ್ಸು ಬದಲಿಸಿದೆ. ಇನ್ನೊಂದು ಚೀಲ ತರಲು ಧೈರ್ಯ ಬರಲಿಲ್ಲ.

ಮುಂದಿನ ಬೇಸಿಗೆಗೆ, ಹೆಚ್ಚು ಕಡಿಮೆ ವರ್ಷ ತುಂಬುವಾಗ, ಆಹಾರ ಇಲಾಖೆಯ ಇನ್ಸ್‌ಪೆಕ್ಟರು ಮರುಪರಿಶೀಲನೆಗೆ ಬರುತ್ತಾರೆ ಅಂತ ಪತ್ರ ಬಂತು. ಈ ಸಲ ತಪ್ಪಬಾರದು. ಹಿಂದಿನ ದಿನ ಆಕೆಯ ಮನೆಗೆ ಹೋಗಿ ಪಾಠ ಶುರು ಮಾಡಿದೆ. ಕುರ್ಚಿ ಇಲ್ಲ. ಟವಲ್ಲು ಇಲ್ಲ. ರಂಗೋಲಿ ಕೂಡದು. ಕಾಫಿ, ತಿಂಡಿ ಸುತರಾಂ ಕೂಡದು. ಎಷ್ಟು ಹೊತ್ತು ಊಟ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ, ಒಂದು ಹೊತ್ತು, ಅನ್ನಬೇಕು. ಸಾಬರು ತಾವೇ ಇನ್ಸ್‌ಪೆಕ್ಟರಾಗಿ, ಸ್ಪ್ಯಾನರನ್ನು ಪೆನ್ನಿನ ಹಾಗೆ ಕಿವಿಗೆ ಸಿಕ್ಕಿಸಿ, ಅಂಗಳಕ್ಕೆ ಬಂದರು. ಸಾಬರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಯಾರಮ್ಮ ಮನೇಲಿ?" ಅಂದರು ಸಾಬರು ಗತ್ತಿನಿಂದ.

"ಬನ್ನಿ ಸಾ, ಕೂತ್ಕಳಿ" ಅಂದಳು ಆಕೆ.

"ಫೇಲ್!" ಅಂದರು ಸಾಬರು. "ಎಲ್ಲಿ ಕೂರ್ಲಿ? ಕುರ್ಚಿ ನಮ್ಮನೇಲಿದೆ."

ಎರಡನೇ ಸಲವೂ "ಬನ್ನಿ ಸಾ". ಮೂರನೇ ಸಲ ಆಕೆ ಬಾಯಿಗೆ ಸೆರಗು ಒತ್ತಿ ನಿಂತಳು. ಹುಡುಗಿಯರು ನಕ್ಕು ನಕ್ಕು ಉರುಳಿದರು. ನಾನೂ ನಕ್ಕೆ. ಆಕೆ ಮಾತ್ರ ಸೆರಗು ತೆಗೆದು ಕೇಳಿದಳು:

"ನೀರು ಕೊಡ್ಬೋದಲ್ವಾ ಸಾ?"

"ಕೂಡದು."

"ಪಾನಿ ಭೀ ನಕ್ಕೋ?" ಅಂದರು ಸಾಬರ ಹೆಂಡತಿ. ನೀರೂ ಬೇಡ್ವಾ ಅಂತ. "ಯಾ ಅಲ್ಲಾ. ಮೇಷ್ಟ್ರೇ, ಅದು ಗುನಾ, ಪಾಪ ಅಲ್ವಾ?"

ನೀರು ತಂದರೆ ಆಕೆ ತರುವುದು ತನ್ನ ಮದುವೆಯ ಹಿತ್ತಾಳೆ ಚೊಂಬಿನಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿ ಚಿನ್ನದ ಹಾಗೆ ಹೊಳೆಯುವುದರಲ್ಲಿ, ಜೊತೆಗೊಂದು ಬೆಲ್ಲದ ತುಂಡು. ಅದು ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಂಡದ್ದನ್ನು ಅವರು ಬರೆಯುತ್ತಾರೆ. ನಾನು ಬರೆದಿರಲಿಲ್ಲವೆ? "ಏನೇ ಆಗ್ಲಿ, ಏನೂ ಕೊಡ್ಬೇಡಮ್ಮ. ಅಕ್ಕಿ ಬೇಕಾ ಬೇಡ್ವಾ?" ಅಂತ ಗದರಿದೆ. ಕ್ಲಾಸಿನಲ್ಲಿ ಗದರುವ ದನಿಯಲ್ಲೇ. ಸಾಬರ ಹೆಂಡತಿಗೂ, ಸಾಬರಿಗೂ, ನಾಳೆ ಹೊರಗೆ ಮುಖ ಹಾಕಬಾರದು ಅಂತ ಅಪ್ಪಣೆ ಮಾಡಿದೆ. ನೆರೆಯವರ ಉಪಕಾರವೂ ಅನುಕೂಲಸ್ಥರ ಲಕ್ಷಣ ಅಂತ ಬರೆದುಕೊಂಡುಬಿಟ್ಟರೆ?

ಇನ್ಸ್‌ಪೆಕ್ಟರು ಬಂದದ್ದು ಮಧ್ಯಾಹ್ನದ ಉರಿಬಿಸಿಲಿನಲ್ಲಿ. ಕೆಟ್ಟ ಮನುಷ್ಯ ಅಲ್ಲ. ಅವರ ಮೊಪೆಡ್ಡು ಕಾಗದನಗರ ದಾಟಿ ಸ್ವಲ್ಪ ದೂರಕ್ಕೆ ಕೈಕೊಟ್ಟಿತ್ತಂತೆ. ಅಲ್ಲಿಂದ ತಳ್ಳಿಕೊಂಡೇ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಹತ್ತು ಹೆಜ್ಜೆ ಆಚೆ ಹತ್ತು ಹಳ್ಳಿಯ ಮೆಕ್ಯಾನಿಕ್ಕು ಬಾಗಿಲ ಸಂದಿಯಿಂದ ಆ ಮೊಪೆಡ್ಡನ್ನೇ ನೋಡುತ್ತ ಒದ್ದಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಆಕೆ ಕಂಬ ಹಿಡಿದು ನಿಂತಿದ್ದಳು. ಬನ್ನಿ ಅನ್ನಲಿಲ್ಲ. ಇನ್ಸ್‌ಪೆಕ್ಟರು ಕೂರಲು ಅತ್ತ ಇತ್ತ ನೋಡಿ, ಏನೂ ಇಲ್ಲದೆ ನಿಂತೇ ಫಾರಂ ತೆಗೆದರು.

"ಊಟ ಎಷ್ಟು ಹೊತ್ತಮ್ಮ?"

ಆಕೆ ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು. "ಒಂದೊತ್ತು" ಅಂದಳು. ಐವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಆಕೆಯ ಬಾಯಿಂದ ಹೊರಗೆ ಬಂದದ್ದು ಇರಬೇಕು. ಕದ್ದು ಸಿಕ್ಕಿಬಿದ್ದವರ ದನಿ.

ಇನ್ಸ್‌ಪೆಕ್ಟರು ಬರೆದರು. ಪೆನ್ನು ಜೇಬಿಗಿಟ್ಟು, ಮುಖ ಒರೆಸಿಕೊಂಡು, "ಒಂಚೂರು ನೀರು ಕೊಡಮ್ಮ, ಗಂಟಲು ಒಣಗಿದೆ" ಅಂದರು.

ಬರೆದಾಗಿತ್ತು. ಪೆನ್ನು ಜೇಬಿನಲ್ಲಿತ್ತು. ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆಕೆ ಒಳಗೆ ಹೋಗಲು ತಿರುಗಿ, ಒಂದು ಕಾಲು ಹೊಸ್ತಿಲಿನಾಚೆ ಇಟ್ಟು, ಕೇಳುವಂತೆ ನನ್ನತ್ತ ನೋಡಿದಳು. ನಾನು ತಲೆ ಅಲ್ಲಾಡಿಸಿದೆ. ಬೇಡ ಅಂತ. ಯಾಕೆ ಅಂತ ಇವತ್ತಿಗೂ ನನಗೆ ತಿಳಿಯದು. ಮೇಷ್ಟ್ರ ತಲೆ, ಒಮ್ಮೆ ಹೇಳಿದ್ದನ್ನು ಕೊನೆಯವರೆಗೂ ಹೇಳುತ್ತದೆ.

"ನೀರಿಲ್ಲ ಸಾ" ಅಂದಳು.

ಆಕೆಯ ಹಿಂದೆಯೇ, ಬಾಗಿಲಿನೊಳಗೆ, ತುಂಬಿದ ಮಡಕೆ ತಣ್ಣಗೆ ಬೆವರುತ್ತ ಕೂತಿತ್ತು. ಇನ್ಸ್‌ಪೆಕ್ಟರು ಅದನ್ನು ನೋಡಿದರು. ಆಕೆಯನ್ನು ನೋಡಿದರು. ಮೊಪೆಡ್ಡು ತಳ್ಳಿಕೊಂಡು ಹೊರಟರು.

ಕಾರ್ಡು ಬಂತು. ಅಕ್ಕಿ ಬಂತು. ಹುಡುಗಿಯರು ಮಧ್ಯಾಹ್ನದ ಕ್ಲಾಸಿಗೂ ಬಂದರು. ನ್ಯಾಯ ಸಿಕ್ಕಿತು ಅಂತ ಯಾರಾದರೂ ಅಂದರೆ ಅವರಿಗೆ ನಮಸ್ಕಾರ. ಆಕೆಗೆ ಅಕ್ಕಿಯ ಹಕ್ಕು ಇತ್ತು. ನಾಟಿ ಹಾಕಿದ ಕೈಗೆ ಇಲ್ಲದ ಹಕ್ಕು ಇನ್ಯಾರಿಗೆ? ಅದನ್ನು ಕೊಡುವ ಮುಂಚೆ ಈ ಸರ್ಕಾರಕ್ಕೆ, ಅದರ ಪ್ರತಿನಿಧಿಯಾಗಿ ನನಗೆ, ಬಾಯಾರಿದವನಿಗೆ ನೀರಿಲ್ಲ ಅಂತ ಆಕೆಯ ಬಾಯಲ್ಲಿ ಹೇಳಿಸಬೇಕಿತ್ತು. ಬಣವೆಯಲ್ಲಿ ಬೈಕು ಹೂತವರ ಬಾಯಲ್ಲಿ ಯಾರೂ ಏನನ್ನೂ ಹೇಳಿಸಲಿಲ್ಲ.

ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಆಕೆ ಊಟ ಆಯ್ತಾ ಅಂತ ಕೇಳುತ್ತಿರಲಿಲ್ಲ. ಬೇರೆ ಪ್ರಶ್ನೆ.

"ಆ ಸಾಹೇಬ್ರು ಎಲ್ ನೀರ್ ಕುಡದ್ರೋ ಸಾ?"

"ಮುಂದೆ ಬೋರ್‌ವೆಲ್ ಇತ್ತಲ್ಲಮ್ಮ" ಅಂದೆ ಮೊದಲ ಸಲ.

"ಅದು ಕೆಟ್ಟು ವರ್ಷಾಯ್ತಲ್ಲ ಸಾ."

ಎರಡನೇ ಸಲ ಹೋಟ್ಲಲ್ಲಿ ಅಂದೆ. ಮೂರನೇ ಸಲ ಆಕೆ ದೂರದಲ್ಲಿ ಕಂಡಾಗಲೇ ದಾರಿ ಬದಲಿಸಿದೆ.

ಕೆಲವು ವರ್ಷ ಕಳೆದು ಸರ್ಕಾರಕ್ಕೆ ಮತ್ತೆ ಬಡವರನ್ನು ಎಣಿಸಬೇಕೆನಿಸಿತು. ಮತ್ತೆ ಫಾರಂ, ಮತ್ತೆ ದುಂಡಕ್ಷರದ ನಾನು. ಈ ಸಲ ನಿಶ್ಚಯ ಮಾಡಿಕೊಂಡಿದ್ದೆ: ಯಾರ ಮನೆಯಲ್ಲೂ ಕೂರುವುದಿಲ್ಲ, ತಿನ್ನುವುದಿಲ್ಲ, ಯಾರಿಗೂ ಕೊಡುವ ಸಂಕಟ ತರುವುದಿಲ್ಲ. ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಾಟಲಿ ನೀರು ಕೊಂಡು ಜೋಳಿಗೆಗೆ ಹಾಕಿಕೊಂಡೆ. ಬಹಳ ಸೂಕ್ಷ್ಮ ಮನುಷ್ಯ ನಾನು ಅಂತ ನನಗೇ ಮೆಚ್ಚುಗೆಯಾಯಿತು.

ಆಕೆಯ ಜಗಲಿಯಲ್ಲಿ ನಿಂತೇ ಫಾರಂ ತೆಗೆದೆ. ಜೋಳಿಗೆಯಿಂದ ಬಾಟಲಿಯ ಕತ್ತು ಹೊರಗೆ ಇಣುಕುತ್ತಿತ್ತು. ಆಕೆ ಅದನ್ನು ಬಹಳ ಹೊತ್ತು ನೋಡಿದಳು.

"ನಮ್ಮನೇಲಿ ನೀರಿಲ್ಲ ಅಂತ ತಂದ್ರಾ ಸಾ?"

ಆಕೆ ಕೈಚಾಚಿ ಜೋಳಿಗೆಯಿಂದ ಬಾಟಲಿ ಎತ್ತಿಕೊಂಡಳು. ಮುಚ್ಚಳ ತಿರುವಿ, ಅಂಗಳದ ನುಗ್ಗೆಗಿಡದ ಬುಡಕ್ಕೆ ಕೊನೆಯ ಹನಿಯವರೆಗೂ ಸುರಿದಳು. ಒಳಗೆ ಹೋಗಿ ಮಡಕೆಯಿಂದ ಅದನ್ನು ತುಂಬಿಸಿಕೊಂಡು ಬಂದು, ಹೊರಮೈಯನ್ನು ಸೆರಗಿನಿಂದ ಒರೆಸಿ, ನನ್ನ ಕೈಯಲ್ಲಿಟ್ಟಳು. ನಾನು ಕುಡಿಯುವವರೆಗೂ ಎದುರಿಗೇ ನಿಂತಿದ್ದಳು.

"ಈಗ ಬರ್ಕಳಿ ಸಾ" ಅಂದಳು.